ದಸರಾಗೆ ನೆಂಟರು ಬರ್ತಿದ್ದಾರೆ: ಅಟ್ಟ ಇಳಿಸೋದೋ, ಬಾಗಿಲು ಮುಚ್ಚೋದೋ?

ಕುವೆಂಪುನಗರದ ಸೊಸೆ

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಸ್ವಂತ ಮನೆ ಇದ್ದೋರಿಗೆ ದಸರಾ ಅಂದ್ರೆ ಏನಂತ ಬಿಡಿಸಿ ಹೇಳ್ಬೇಕಾಗಿಲ್ಲ. ವರ್ಷವಿಡೀ ಒಂದು ಫೋನ್ ಮಾಡದೇ ಇರೋರೂ "ಈ ಸಲ ಜಂಬೂ ಸವಾರಿಗೆ ಬಂದೇ ಬರ್ತೀವಿ ಕಣೇ" ಅಂತಾರೆ. ಈ ಸಲ ನಾದಿನಿ ಸಂಸಾರ, ಅತ್ತೆಯ ತಮ್ಮನ ಸಂಸಾರ, ಜೊತೆಗೆ ಅವರ ಮಗಳು ಮತ್ತು ಅವಳ ಕೈಗೂಸು. ಸಪ್ತಮಿಗೆ ಬಂದು ವಿಜಯದಶಮಿ ಮಾರನೇ ದಿನ ಹೊರಡ್ತಾರಂತೆ.

ನಮ್ಮದು ಎರಡು ರೂಮಿನ ಮನೆ. ಹಾಲಲ್ಲಿ ದೀವಾನು, ಅದರ ಹೊಟ್ಟೆ ತುಂಬ ರಗ್ಗು, ಜಮಖಾನ. ಪಕ್ಕದಲ್ಲಿ ಹೊಲಿಗೆ ಮೆಷೀನು, ಅದರ ಮೇಲೆ ಇಸ್ತ್ರಿಗೆ ಕಾಯ್ತಿರೋ ಬಟ್ಟೆ ರಾಶಿ. ಚಿಕ್ಕ ರೂಮಲ್ಲಿ ಮಾವನ ಟ್ರಂಕು (ಮಾವ ಹೋದ್ಮೇಲೆ ಅದನ್ನ ಯಾರೂ ತೆಗೆದಿಲ್ಲ), ಕೆಟ್ಟುಹೋದ ಯುಪಿಎಸ್ ಬ್ಯಾಟರಿ, ಹಿಂದೆ ದೊಡ್ಡ ಬೆನ್ನಿರೋ ಹಳೇ ಟಿವಿ, ಮದುವೆ ಮನೆಗಳಲ್ಲಿ ಕೊಟ್ಟ ತಾಂಬೂಲದ ಚೀಲಗಳು ಒಂದರೊಳಗೊಂದು. ಅಟ್ಟದ ಕಥೆ ಕೇಳ್ಲೇಬೇಡಿ. ಬೊಂಬೆ ಪೆಟ್ಟಿಗೆ ಇರೋದು ತೀರಾ ಹಿಂದೆ, ಅದರ ಮುಂದೆ ಮನೆಯ ಅರ್ಧ ಇತಿಹಾಸ.

ನಾನು ಏನೇ ಕೈಗೆತ್ತಿಕೊಂಡ್ರೂ ಅತ್ತೆ "ಇರ್ಲಿ ಬಿಡಮ್ಮ, ಯಾವತ್ತಾದ್ರೂ ಬೇಕಾಗುತ್ತೆ" ಅಂತಾರೆ. ಯಜಮಾನರು "ಎಲ್ಲಾ ಚಿಕ್ಕ ರೂಮಿಗೆ ತುರುಕಿ ಬೀಗ ಹಾಕು" ಅಂತಾರೆ. ಆ ರೂಮು ಬಾಣಂತಿಗೆ ಬೇಕು. ಪಿತೃಪಕ್ಷ ಶುರುವಾಗಿದೆ, ಮಹಾಲಯ ಅಮಾವಾಸ್ಯೆ ಎಡೆ ಮುಗಿಸಿದ ಮಾರನೇ ದಿನವೇ ಬೊಂಬೆ ಕೂರಿಸ್ಬೇಕು. ಎಲ್ಲಿಂದ ಶುರು ಮಾಡ್ಲಿ?

ಬೊಂಬೆ ಅಜ್ಜಿ, ಚಾಮರಾಜಪುರಂ

ಮೊದಲು ಅಟ್ಟಕ್ಕೆ ಏಣಿ ಹಾಕೋ ಆಸೆ ಬಿಡು ಮಗು. ಹಬ್ಬದ ಹೊಸ್ತಿಲಲ್ಲಿ ಅಟ್ಟ ಕ್ಲೀನ್ ಮಾಡ್ತೀನಿ ಅಂತ ಹೊರಟೋರ ಮನೆ ಪಾಡ್ಯದ ದಿನ ಹೇಗಿರುತ್ತೆ ಗೊತ್ತಾ? ಅಟ್ಟದ ಮೇಲಿದ್ದಿದ್ದೆಲ್ಲ ಹಾಲಲ್ಲಿರುತ್ತೆ. ಇದು ಇಡೋದೋ ಬಿಸಾಕೋದೋ ಅಂತ ಅತ್ತೆ ಸೊಸೆ ಮಾತಾಡ್ಕೊಳ್ತಾ ಕೂತಿರ್ತಾರೆ, ಒಲೆ ಮೇಲೆ ಹಾಲು ಉಕ್ಕಿರುತ್ತೆ. ಬೊಂಬೆ ಪೆಟ್ಟಿಗೆ ತನಕ ದಾರಿ ಮಾಡ್ಕೋ, ಪೆಟ್ಟಿಗೆ ಇಳಿಸು, ಮುಂದೆ ಇದ್ದಿದ್ದನ್ನ ಹಾಗೇ ಒಳಗೆ ತಳ್ಳು. ಮಿಕ್ಕಿದ್ದು ದೀಪಾವಳಿ ಆದ್ಮೇಲೆ. ಏಣಿ ನೀನೂ ಹತ್ಬೇಡ, ಅತ್ತೇನೂ ಹತ್ತಿಸ್ಬೇಡ. ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಹತ್ತಿ ಸೊಂಟ ಮುರ್ಕೊಂಡೋರು ನಮ್ಮ ಬೀದೀಲೇ ಇದ್ದಾರೆ. ಮಗನ್ನ ಹತ್ತಿಸು.

ಇನ್ನೊಂದು ವಿಷಯ. ದಸರಾಗೆ ಬರೋ ನೆಂಟರು ಗೌರಿ ಹಬ್ಬಕ್ಕೆ ಬರೋ ನೆಂಟರ ಹಾಗಲ್ಲ. ಗೌರಿಗೆ ಬಂದೋರು ಮನೇಲೇ ಇರ್ತಾರೆ, ಬೀರು ಬಾಗಿಲೂ ತೆಗೆದು ನೋಡ್ತಾರೆ. ದಸರಾದೋರು ತಿಂಡಿ ತಿಂದು ಹೊರಟ್ರೆ ಚಾಮುಂಡಿ ಬೆಟ್ಟ, ಝೂ, ಫಲಪುಷ್ಪ ಪ್ರದರ್ಶನ, ವಸ್ತುಪ್ರದರ್ಶನ ಎಲ್ಲ ಸುತ್ತಿ, ಅರಮನೆ ದೀಪ ನೋಡ್ಕೊಂಡು, ಕಾಲು ಎಳ್ಕೊಂಡು ರಾತ್ರಿ ಮನೆ ಸೇರ್ತಾರೆ. ಅವರಿಗೆ ಬೇಕಾಗಿರೋದು ಮಲಗೋಕೆ ಜಾಗ, ಬೆಳಿಗ್ಗೆ ಸ್ನಾನದ ಸರದಿ, ಒದ್ದೆ ಟವೆಲ್ ಹಾಕೋಕೆ ತಂತಿ, ಚೀಲ ಇಡೋಕೆ ಮೂಲೆ, ಫೋನ್ ಚಾರ್ಜಿಗೆ ಪ್ಲಗ್ಗು, ಚಪ್ಪಲಿ ಬಿಡೋಕೆ ಬಾಗಿಲ ಹತ್ರ ಜಾಗ. ಅಷ್ಟನ್ನ ಮಾಡು. ಬೀರು ಒಳಗೆ ಏನಿದೆ ಅಂತ ಯಾರಿಗೂ ಬೇಕಾಗಿಲ್ಲ.

ಶುರು ಬಚ್ಚಲುಮನೆಯಿಂದ. ಬುಡದಲ್ಲಿ ಒಂದು ಚಮಚ ಉಳಿದಿರೋ ಶಾಂಪೂ ಬಾಟ್ಲಿಗಳು, ತೂತು ಬಿದ್ದ ಮಗ್ಗು, ಕೂದಲು ಸಿಕ್ಕಿರೋ ಹಳೇ ಬಾಚಣಿಗೆ, ಯಾರದು ಅಂತ ಯಾರಿಗೂ ಗೊತ್ತಿಲ್ಲದ ಟೂತ್ ಬ್ರಷ್ಷು. ಇವಕ್ಕೆ ಅತ್ತೆ ಅಡ್ಡ ಬರಲ್ಲ. ಒಂದು ಗಂಟೆ ಕೆಲಸ. ಬಾಗಿಲ ಹಿಂದೆ ಕೊಕ್ಕೆಗಳನ್ನ ಜಾಸ್ತಿ ಹಾಕಿಸು.

ಒಂದೇ ಬ್ಯಾಗು, ಬೆಂಗಳೂರು

ಅಜ್ಜಿ ಹೇಳಿದ್ದು ತಾತ್ಕಾಲಿಕ ಉಪಾಯ. ಖಾಯಂ ಪರಿಹಾರ ಬೇಕಾದ್ರೆ ನಿಯಮ ಒಂದೇ: ಒಂದು ವರ್ಷದಿಂದ ಯಾವ ವಸ್ತು ಮುಟ್ಟಿಲ್ವೋ ಅದು ನಿಮಗೆ ಬೇಡ. ಕಣ್ಣು ಮುಚ್ಕೊಂಡು ಹೊರಗೆ ಹಾಕಿ. ನಾನು ಹಾಗೇ ಬದುಕ್ತಿದ್ದೀನಿ. ಮನೆ ಬದಲಾಯಿಸೋಕೆ ಅರ್ಧ ದಿನ ಸಾಕು.

ಡಬ್ಬ ರಾಣಿ

ಒಂದೇ ಬ್ಯಾಗು ಅವರೇ, ನಿಮಗೆ ಮದುವೆ ಆಗಿಲ್ಲ ಅಂದ್ಕೊಳ್ತೀನಿ. ಕೋಪ ಮಾಡ್ಕೋಬೇಡಿ.

ನಮ್ಮ ಮನೆಗಳಿಗೆ ಆ ಒಂದು ವರ್ಷದ ಲೆಕ್ಕ ಹೊಂದೋದೇ ಇಲ್ಲ, ಯಾಕಂದ್ರೆ ಅರ್ಧ ಸಾಮಾನು ವರ್ಷಕ್ಕೊಂದೇ ಸಲ ಕೆಲಸಕ್ಕೆ ಬರೋದು. ಬೊಂಬೆ ನವರಾತ್ರಿಗೆ. ಎಣ್ಣೆಸ್ನಾನಕ್ಕೆ ನೀರು ತುಂಬೋ ತಾಮ್ರದ ಹಂಡೆ ದೀಪಾವಳಿಗೆ. ಸಕ್ಕರೆ ಅಚ್ಚಿನ ಮರದ ಅಚ್ಚು ಸಂಕ್ರಾಂತಿಗೆ. ಹಪ್ಪಳದ ಒತ್ತುಮಣೆ ಬೇಸಿಗೆಗೆ. ಶ್ಯಾವಿಗೆ ಒರಳು ಯಾರಾದ್ರೂ ಮೊಮ್ಮಕ್ಕಳು ಹಠ ಹಿಡಿದಾಗ. ಇದನ್ನೆಲ್ಲ ಹೊರಗೆ ಹಾಕಿ ಪ್ರತಿ ಹಬ್ಬಕ್ಕೂ ಹೊಸದು ತರೋದಾ?

ನಿಜವಾದ ಕಸ ಇರೋದು ದಿನಾ ಓಡಾಡೋ ಜಾಗದಲ್ಲಿ. ಅಡುಗೆಮನೆ ಕಟ್ಟೆ ಕೆಳಗೆ ಬಗ್ಗಿ ನೋಡಿ. ಹೋಟೆಲ್ ಪಾರ್ಸಲ್ ಡಬ್ಬಗಳು, ಅವುಗಳಲ್ಲಿ ಮುಚ್ಚಳ ಇರೋದು ಮೂರಕ್ಕೊಂದು. ಕವರಿನೊಳಗೆ ಕವರು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಆಗಿದ್ದು 2016ರಲ್ಲಿ, ನಮ್ಮ ಮನೆಯ ಬಾಗಿಲ ಹಿಂದಿನ ಗಂಟಿನಲ್ಲಿ ಅದಕ್ಕೂ ಹಿಂದಿನ ಅಂಗಡಿಗಳ ಹೆಸರು ಸಿಗುತ್ತೆ! ಸೊಸೆಯವರೇ, ಡಬ್ಬಕ್ಕೆ ಅದರದ್ದೇ ಮುಚ್ಚಳ ಹಾಕಿ ನೋಡಿ, ಜೋಡಿ ಸಿಗದಿದ್ದನ್ನ ಒಣ ಕಸಕ್ಕೆ ಹಾಕಿ. ನೆಂಟರಿಗೆ ಚಕ್ಕುಲಿ ಕೋಡುಬಳೆ ಕಟ್ಟಿಕೊಡೋಕೆ ಮುಚ್ಚಳ ಇರೋವು ಬೇಕಾಗ್ತವೆ.

ಬನ್ನಿ ಮರದ ಕೆಳಗ, ಧಾರವಾಡ

ನಮ್ಮ ಕಡೆ ದಸರಾ ಬಂತಂದ್ರ ಮೊದಲು ಹಾಸಿಗಿ ತೊಳಿಯೂದು. ಅಮವಾಸ್ಯಿ ಬರೂದ್ರಾಗ ಮನ್ಯಾಗಿನ ಕೌದಿ, ಚಾದರ, ಜಮಖಾನಿ ಎಲ್ಲಾ ಹೇರಿಕೊಂಡು ಹಳ್ಳಕ್ಕೋ ಕೆರಿಗೋ ಹೋಗಿ ಬಡದು, ಬಂಡಿ ಮ್ಯಾಲೆ ಒಣಾ ಹಾಕಿ, ಸಂಜಿಕ ತಿರುಗಿ ಬರೂದು. ಈಗ ಊರಾಗ ನಳದ ಕೆಳಗ ತೊಳೀತಾರ, ಆದ್ರ ತೊಳಿಯೂದು ಬಿಟ್ಟಿಲ್ಲ. ಮನಿಗೆ ಸುಣ್ಣ, ಜ್ವಾಡ ಹೊಡಿಯೂದು, ಎಲ್ಲಾ ಘಟ ಕೂಡಸೂದರೊಳಗ ಮುಗೀಬೇಕು.

ಆಮ್ಯಾಲೆ ಬನ್ನಿ ದಿನ ಇಡೀ ಓಣಿ ಮಂದಿ ಬರ್ತಾರ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಎಲಿ ಕೊಟ್ಟು, ಹಿರಿಯರ ಕಾಲಿಗೆ ಬಿದ್ದು, ಎರಡು ನಿಮಿಷ ಪಡಸಾಲ್ಯಾಗ ಕುಂತು ಹೊಕ್ಕಾರ. ನಮ್ಮವ್ವ ಪಡಸಾಲಿ ಒಂದು ಕನ್ನಡಿ ಮಾಡಿ ಇಡ್ತಿದ್ಲು, ಒಳಗ ಕೋಲಿ ಬಾಗಲಕ್ಕ ಚಿಲಕ. ಯಾರೂ ಕೇಳಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಅಕ್ಕಾರ, ನೀವೂ ಹಾಸಿಗಿ ಮೊದಲ ತಗೀರಿ. ಮನಿ ಎಷ್ಟ ಥಳಥಳ ಅಂದ್ರೂ ಹೊದ್ದ ರಗ್ಗು ನಾತ ಹೊಡದ್ರ ಬಂದವರು ಅದನ್ನ ನೆಪ್ಪ ಇಟ್ಕೋತಾರ.

ಕುವೆಂಪುನಗರದ ಸೊಸೆ

ಎಲ್ರಿಗೂ ಥ್ಯಾಂಕ್ಸ್. ಬಚ್ಚಲು ಮುಗೀತು, ಅಜ್ಜಿ ಹೇಳಿದ ಹಾಗೆ ಅತ್ತೆ ಒಂದು ಮಾತೂ ಆಡ್ಲಿಲ್ಲ. ಇವತ್ತು ದೀವಾನ್ ತೆಗೆದೆ. ರಗ್ಗುಗಳ ಮಧ್ಯೆ ನುಸಿ ಗುಳಿಗೆ ಕೈತುಂಬ ಹಾಕಿಟ್ಟಿದ್ದಾರೆ, ಮುಚ್ಚಳ ತೆಗೆದ ಕೂಡ್ಲೇ ಕಣ್ಣುರಿ. ನೆಂಟರು ಬರೋ ಹಿಂದಿನ ದಿನ ಒಂದು ಬಿಸಿಲು ಕಾಣಿಸಿದ್ರೆ ಸಾಕಲ್ವಾ?

ಮಕ್ಕಳ ವಾರ್ಡಿನವಳು

ಸಾಕಾಗಲ್ಲ ಮೇಡಂ. ನೀವು ಕೈಗೂಸು ಬರುತ್ತೆ ಅಂದಿದ್ದಕ್ಕೆ ಇದನ್ನ ಬರೀಲೇಬೇಕಾಯ್ತು.

ಆ ಬಿಳೀ ಗುಳಿಗೆ ನಾಫ್ತಲೀನ್. ಇಟ್ಟಲ್ಲೇ ಆವಿಯಾಗಿ ಬಟ್ಟೆಗೆ ಹಿಡಿಯುತ್ತೆ, ಅದಕ್ಕೇ ಗುಳಿಗೆ ದಿನ ಕಳೆದ ಹಾಗೆ ಸಣ್ಣಗಾಗೋದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರುತ್ತೆ, ಬಹಳಷ್ಟು ಮನೆಯವರಿಗೆ ಅದು ಗೊತ್ತೇ ಇರಲ್ಲ. ಅಂಥ ಕೂಸು ಈ ಆವಿ ಉಸಿರಾಡಿದ್ರೆ, ಅಥವಾ ಆ ಬಟ್ಟೆ ಮೈಗೆ ತಾಗಿದ್ರೆ, ಕೆಂಪು ರಕ್ತಕಣ ಒಡೆದು ಕಾಮಾಲೆ ಏರಬಹುದು. ಇಂಥ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿವೆ, ಮಡಚಿಟ್ಟ ಹಳೇ ರಗ್ಗೇ ಕಾರಣ ಅಂತ ಆಮೇಲೆ ಗೊತ್ತಾಗಿದ್ದು.

ಇವತ್ತೇ ಎಲ್ಲ ರಗ್ಗು ಹೊರಗೆ ತೆಗೀರಿ. ಗಾಳಿ ಬಿಸಿಲಿಗೆ ದಿನಗಟ್ಟಲೆ ಬಿಡಿ, ಆಮೇಲೆ ಒಗೆದು ಮತ್ತೆ ಒಣಗಿಸಿ. ಆದ್ರೂ ಕೂಸಿಗೆ ಅದನ್ನ ಹೊದಿಸ್ಬೇಡಿ. ಹೊಸದಾಗಿ ಒಗೆದ ಹತ್ತಿ ಸೀರೆ ಮಡಚಿ ಹಾಸಿ, ಇಲ್ಲಾ ಅವರ ಮನೆಯಿಂದಲೇ ತರೋಕೆ ಹೇಳಿ. ಚಿಕ್ಕ ರೂಮಿನ ಬೀರುವಿನಲ್ಲೂ ಗುಳಿಗೆ ಇದ್ರೆ ತೆಗೆದುಬಿಡಿ. ಗುಳಿಗೆ ಬದಲು ಕರ್ಪೂರ ಅನ್ನೋರಿಗೂ ಒಂದು ಮಾತು: ಅದು ಮಗುವಿನ ಬಾಯಿಗೆ ಹೋದ್ರೆ ಫಿಟ್ಸ್ ಬರುತ್ತೆ. ಬೇವಿನ ಸೊಪ್ಪು ಒಣಗಿಸಿ ಬಟ್ಟೆ ಗಂಟು ಕಟ್ಟಿಡಿ, ಲಾವಂಚದ ಬೇರು ಇಡಿ. ಬಟ್ಟೆ ಚೆನ್ನಾಗಿ ಒಣಗಿದ್ದರೆ ಅರ್ಧ ನುಸಿ ಬರೋದೇ ಇಲ್ಲ.

ತೀರ್ಥಹಳ್ಳಿ ಮಳೆ

ಮೇಲಿನವರು ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ ಚಪ್ಪಲಿಯಿಂದ ಹಿಡಿದು ದೇವರ ಪೀಠದ ತನಕ ಬೂಷ್ಟು. ನವರಾತ್ರಿ ಹೊತ್ತಿಗೆ ಬಿಸಿಲು ಕಂಡ ಕೂಡ್ಲೇ ಇಡೀ ಮನೆ ಅಂಗಳಕ್ಕೆ ಬರ್ತದೆ. ಮಲೆನಾಡಲ್ಲಿ ಹಬ್ಬದ ಕ್ಲೀನಿಂಗು ಅಂದ್ರೆ ಶೋಕಿಗಲ್ಲ, ಆಗ ಮಾಡದಿದ್ರೆ ಬಟ್ಟೆನೇ ಉಳಿಯಲ್ಲ.

ದಿಂಬಿನ ಬಗ್ಗೆ ಒಂದು ಮಾತು. ಬೂರುಗದ ಹತ್ತಿ ದಿಂಬನ್ನ ತೊಳೀಬೇಡಿ, ಗಂಟು ಕಟ್ಟಿ ಹಾಳಾಗ್ತದೆ. ಬರೀ ಬಿಸಿಲು, ಮಗುಚಿ ಮಗುಚಿ ಬಡಿಯೋದು. ಮಾಮೂಲಿ ಹತ್ತಿ ಹಾಸಿಗೆ ಚಪ್ಪಟೆ ಆಗಿದ್ರೆ ಬಿಸಾಕ್ಬೇಡಿ, ಹತ್ತಿ ಹಿಂಜಿ ಹೊಸ ಬಟ್ಟೆ ಹಾಕಿಕೊಡೋರು ಮೈಸೂರಲ್ಲೂ ಇರ್ತಾರೆ. ಸ್ಪಂಜಿನ ಹಾಸಿಗೆ ಕುಗ್ಗಿದ್ರೆ ಮಾತ್ರ ಅದಕ್ಕೆ ಮದ್ದಿಲ್ಲ.

ಅಂದ ಹಾಗೆ ಅತ್ತೆಯ ತಮ್ಮ ಯಾವ ಊರಿನವರು? ಮಲೆನಾಡಿನೋರಾದ್ರೆ ಬರುವಾಗ ಖಾಲಿ ಕೈಲಿ ಬರೋದಿಲ್ಲ, ಜಾಗ ಮಾಡಿಟ್ಕೊಳ್ಳಿ.

ಕುಡ್ಲದ ಗುಜರಿ ಲೆಕ್ಕ

ನಾನು ಸ್ಕ್ರ್ಯಾಪ್ ವ್ಯಾಪಾರದಲ್ಲಿ ಇದ್ದವ ಮಾರಾಯ್ರೆ, ಹಾಗಾಗಿ ಬ್ಯಾಟರಿ, ಟಿವಿ ವಿಷಯ ನಾನು ಹೇಳ್ತೇನೆ.

ಯುಪಿಎಸ್ ಬ್ಯಾಟರಿಯನ್ನು ಕಸದ ಗಾಡಿಗೆ ಕೊಡ್ಲಿಕ್ಕೆ ಹೋಗ್ಬೇಡಿ, ಅದರಲ್ಲಿ ಸೀಸ ಉಂಟು, ಆಸಿಡ್ ಉಂಟು. ಅಡ್ಡ ಮಲಗಿಸ್ಬೇಡಿ. ಬ್ಯಾಟರಿ ಅಂಗಡಿಯವರು ತೂಕಕ್ಕೆ ತೆಗೆದುಕೊಳ್ತಾರೆ, ಹೊಸದು ತೆಗೆದುಕೊಂಡ್ರೆ ಬೆಲೆಯಲ್ಲಿ ಕಳೀತಾರೆ. 2022ರ ಬ್ಯಾಟರಿ ನಿಯಮದಲ್ಲಿ ಹಳೆಯದನ್ನು ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿದ್ದಾರೆ. ಅಂದ್ರೆ ಅದು ಕಸ ಅಲ್ಲ, ದುಡ್ಡು.

ಹಳೇ ಟಿವಿಯ ಗಾಜಿನಲ್ಲೂ ಸೀಸ ಇರ್ತದೆ. ಬೀದಿ ಗುಜರಿಯವನಿಗೆ ಕೊಟ್ರೆ ಅವ ಒಳಗಿನ ತಾಮ್ರ ಕಿತ್ತುಕೊಂಡು ಗಾಜನ್ನು ಮೋರಿ ಬದಿಯಲ್ಲಿ ಒಡೆದು ಹೋಗ್ತಾನೆ. ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಿ. ಕೆಟ್ಟ ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬು ಇದ್ರೆ ಒಡೆಯದೆ ಹಳೇ ರಟ್ಟಿನಲ್ಲಿ ಸುತ್ತಿ, ಒಳಗೆ ಪಾದರಸ ಉಂಟು. ಹೊಟ್ಟೆ ಉಬ್ಬಿದ ಮೊಬೈಲ್ ಬ್ಯಾಟರಿ ಸಿಕ್ಕಿದ್ರೆ ಚುಚ್ಚಿ ನೋಡುವ ಕೆಲಸ ಮಾಡ್ಬೇಡಿ, ಬೆಂಕಿ ಹಿಡೀತದೆ.

ಪೇಪರ್ ರದ್ದಿ ಕೊಡುವಾಗ ತಕ್ಕಡಿ ನಿಮ್ಮದೇ ಇರ್ಲಿ. ನಮ್ಮವರನ್ನು ನಾನೇ ನಂಬುವುದಿಲ್ಲ. ಹಬ್ಬದ ವಾರ ಎಲ್ಲರೂ ಒಟ್ಟಿಗೆ ರದ್ದಿ ಹಾಕ್ತಾರೆ, ದರ ಇಳೀತದೆ. ಈಗಲೇ ಕೊಡುವುದು ಒಳ್ಳೇದು.

ಯಜಮಾನರ ಪಕ್ಷ

ಎಲ್ಲರೂ ಸೇರಿ ಸೊಸೆಯ ಗಂಡನನ್ನು ಕೈಬಿಟ್ಟಿದ್ದೀರಿ, ಆದ್ದರಿಂದ ಅವರ ಪರವಾಗಿ ಎರಡು ಮಾತು. ತುರುಕಿ ಬೀಗ ಹಾಕೋದು ತಪ್ಪೇನಲ್ಲ, ತುರುಕೋ ರೀತಿ ಗೊತ್ತಿರಬೇಕು. ರಟ್ಟಿನ ಪೆಟ್ಟಿಗೆ ತನ್ನಿ. ಮೇಜಿನ ಮೇಲಿದ್ದಿದ್ದು ಒಂದರಲ್ಲಿ, ಹೊಲಿಗೆ ಮೆಷೀನ್ ಮೇಲಿದ್ದಿದ್ದು ಇನ್ನೊಂದರಲ್ಲಿ. ಮೇಲೆ ದಪ್ಪ ಮಾರ್ಕರ್‌ನಲ್ಲಿ ಬರೀರಿ. ಕರೆಂಟ್ ಬಿಲ್ಲು, ಮಾತ್ರೆ, ಕನ್ನಡಕ, ಗ್ಯಾಸ್ ಪುಸ್ತಕ, ಗಾಡಿ ಕೀಲಿ ಮಾತ್ರ ಪೆಟ್ಟಿಗೆಗೆ ಹೋಗಬಾರದು. ಬರೆಯದೆ ತುಂಬಿಟ್ಟ ಪೆಟ್ಟಿಗೆ ಮುಂದಿನ ದಸರಾ ತನಕ ಹಾಗೇ ಇರುತ್ತೆ, ಅಮ್ಮನ ಬಿಪಿ ಮಾತ್ರೆ ಅದರೊಳಗಿರುತ್ತೆ.

ಡಬ್ಬ ರಾಣಿ

ಮಾತ್ರೆ ಅಂದ್ರಲ್ಲ, ನೆನಪಾಯ್ತು. ಹಳೇ ಮಾತ್ರೆ ಡಬ್ಬಾನೂ ಒಂದು ಸಲ ನೋಡಿ. ಮಕ್ಕಳು ಬರೋ ಮನೇಲಿ ಅದು ಕೈಗೆಟುಕೋ ಶೆಲ್ಫಲ್ಲಿ ಇರ್ಬಾರದು. ಅವಧಿ ಮುಗಿದ ಆ್ಯಂಟಿಬಯಾಟಿಕ್ಕನ್ನ ಸಿಂಕಿಗೆ ಸುರೀಬೇಡಿ, ನೀರಿಗೆ ಸೇರುತ್ತೆ.

ಕುವೆಂಪುನಗರದ ಸೊಸೆ

ಮೇಲಿನ ಮಲೆನಾಡಿನೋರಿಗೆ: ಹೌದು, ಅತ್ತೆಯ ತವರು ಸಾಗರದ ಕಡೆ. ಭಯ ಆಗ್ತಿದೆ ಈಗ.

ನಿನ್ನೆ ಒಂದು ವಿಶೇಷ ಆಯ್ತು. ಮಾವನ ಟ್ರಂಕು ತೆಗೀರಿ ಅಂತ ನಾನು ಕೇಳಿರ್ಲಿಲ್ಲ. ಮಹಾಲಯ ಹತ್ರ ಬಂತಲ್ಲ, ಎಡೆಗೆ ಇಡೋಕೆ ಮಾವನ ಒಂದು ಪಂಚೆ ಬೇಕು ಅಂತ ಅತ್ತೇನೇ ಬೀಗದ ಕೈ ತಂದ್ರು. ಪಂಚೆ ಮೇಲೇ ಇತ್ತು. ಕೆಳಗೆ ಕಾಗದ ಪತ್ರ. ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಸ್ಟಾಂಪು ಹಚ್ಚಿಸಿದ ರೇಡಿಯೋ ಲೈಸೆನ್ಸಿನ ಪುಸ್ತಕ, ಒಂದೊಂದು ಪುಟದಲ್ಲೂ ಬೇರೆ ಬೇರೆ ಬಣ್ಣದ ಸ್ಟಾಂಪು. ನನ್ನ ಮಗಳು "ರೇಡಿಯೋ ಕೇಳೋಕೂ ಲೈಸೆನ್ಸ್ ಬೇಕಿತ್ತಾ?" ಅಂತ ಬಾಯಿ ಬಿಟ್ಟಳು. ಅತ್ತೆ ಅದನ್ನ ಓದ್ತಾ ಕೂತ್ರು, ಪಕ್ಕದಲ್ಲಿ ನಾನೂ ಕೂತೆ. ಅವತ್ತು ಬೇರೆ ಕೆಲಸ ಆಗ್ಲಿಲ್ಲ.

ಈಗ ಪ್ರಶ್ನೆ: ಮನೆ ಪತ್ರಗಳ ಜೊತೆ ಒಂದು ಬ್ಯಾಂಕ್ ಪಾಸ್‌ಬುಕ್ ಸಿಕ್ಕಿದೆ, ಯಾವುದೋ ಕಾಲದ ಉಳಿತಾಯ ಖಾತೆ. ಒಂದು ಕವರಲ್ಲಿ ಹಳೇ ಐನೂರರ ನೋಟು ನಾಲ್ಕು, ಎರಡು ಸಾವಿರದ್ದು ಒಂದು. ಏನು ಮಾಡೋದು? ಯಾವ ಕಾಗದ ಬಿಸಾಕ್ಬಹುದು?

ರಿಟೈರ್ಡ್ ಕ್ಯಾಷಿಯರ್

ತಂಗ್ಯಮ್ಮ, ಒಂದೊಂದಾಗಿ ಹೇಳ್ತೀನಿ.

ಪಾಸ್‌ಬುಕ್ ಜೋಪಾನ. ಹತ್ತು ವರ್ಷ ವ್ಯವಹಾರ ಇಲ್ಲದ ಖಾತೆಯ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಕಳಿಸುತ್ತೆ. ಹಾಗಂತ ಹಣ ಮುಳುಗಿ ಹೋಗಲ್ಲ, ವಾರಸುದಾರರು ಯಾವಾಗ ಬೇಕಾದ್ರೂ ಅದೇ ಬ್ಯಾಂಕಲ್ಲಿ ಕೇಳಿ ಪಡೀಬಹುದು. ರಿಸರ್ವ್ ಬ್ಯಾಂಕು 2023ರಲ್ಲಿ ಉದ್ಗಮ್ ಅಂತ ಜಾಲತಾಣ ಮಾಡಿದೆ, ಹೆಸರು ಹಾಕಿ ಹುಡುಕಿದ್ರೆ ಬೇರೆ ಬ್ಯಾಂಕುಗಳಲ್ಲಿ ಇದ್ರೂ ತಿಳಿಯುತ್ತೆ. ಅಲ್ಲಿ ಮಾವನವರ ಹೆಸರನ್ನು ಇನಿಷಿಯಲ್ ಹಿಂದೆ ಮುಂದೆ ಮಾಡಿ ಬೇರೆ ಬೇರೆ ರೀತಿ ಹಾಕಿ ನೋಡಿ. ನಮ್ಮ ಕಾಲದಲ್ಲಿ ಗುಮಾಸ್ತರು ಮನಸ್ಸಿಗೆ ಬಂದ ಹಾಗೆ ಬರೀತಿದ್ವಿ.

ಎರಡು ಸಾವಿರದ ನೋಟು ಇನ್ನೂ ಚಲಾವಣೆಗೆ ಮಾನ್ಯ, ಆದ್ರೆ ಅಂಗಡಿಯವರು ಮುಟ್ಟಲ್ಲ. 2023ರ ಮೇ ತಿಂಗಳಲ್ಲಿ ವಾಪಸ್ ಪಡೆಯೋ ಘೋಷಣೆ ಆಯ್ತು. ಈಗ ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಹೋಗಿ ಕೊಡಬೇಕು, ಇಲ್ಲಾ ಅಂಚೆಯಲ್ಲಿ ಕಳಿಸಿ ನಿಮ್ಮ ಖಾತೆಗೆ ಜಮಾ ಮಾಡಿಸ್ಕೊಬೇಕು. 2016ರಲ್ಲಿ ರದ್ದಾದ ಐನೂರು ಮಾತ್ರ ಬರೀ ಕಾಗದ. ನಾಲ್ಕು ತಾನೇ, ಮೊಮ್ಮಕ್ಕಳಿಗೆ ತೋರಿಸೋಕೆ ಇಟ್ಕೊಳ್ಳಿ. ಹತ್ತಕ್ಕಿಂತ ಹೆಚ್ಚಿದ್ರೆ 2017ರ ಕಾಯ್ದೆ ಪ್ರಕಾರ ಅಪರಾಧ, ಅದನ್ನೂ ತಿಳ್ಕೊಳ್ಳಿ.

ಮನೆ ಕ್ರಯಪತ್ರ, ಖಾತಾ, ಕಂದಾಯ ಕಟ್ಟಿದ ರಸೀದಿ, ನಕ್ಷೆ, ಋಣಭಾರ ಪತ್ರ, ಇವು ಯಾವತ್ತೂ ಬಿಸಾಕೋ ಕಾಗದಗಳಲ್ಲ. ಹರಿದಿದ್ರೂ ಇಡಿ. ನೀರಿನ ಬಿಲ್ಲು, ಕರೆಂಟು ಬಿಲ್ಲು, ಮೊಬೈಲ್ ಬಿಲ್ಲು ಹರೀಬಹುದು. ಆದಾಯ ತೆರಿಗೆಯದ್ದು ಎಂಟು ವರ್ಷದ್ದಾದ್ರೂ ಇರ್ಲಿ. ಆಧಾರ್ ಜೆರಾಕ್ಸ್ ಇರೋ ಕಾಗದ ರದ್ದಿಗೆ ಹೋಗದ ಹಾಗೆ ಹರಿದು ಹಾಕಿ. ರೇಡಿಯೋ ಲೈಸೆನ್ಸ್ 1980ರ ದಶಕದಲ್ಲೇ ರದ್ದಾಯ್ತು, ಅದನ್ನ ಮಾತ್ರ ರದ್ದಿಗೆ ಹಾಕ್ಬೇಡಿ.

ಒಂದೇ ಬ್ಯಾಗು, ಬೆಂಗಳೂರು

ಪಾಸ್‌ಬುಕ್ ವಿಷಯ ಓದಿ ಊರಿಗೆ ಫೋನ್ ಮಾಡಿ ಅಪ್ಪನ ಟ್ರಂಕು ಯಾರೂ ಮುಟ್ಟಬೇಡಿ ಅಂದೆ. ಅಮ್ಮ "ನೀನೇ ತಾನೇ ಹೋದ ತಿಂಗಳು ಅದನ್ನ ಗುಜರಿಗೆ ಹಾಕು ಅಂದಿದ್ದು" ಅಂದ್ಲು.

ಬೊಂಬೆ ಅಜ್ಜಿ, ಚಾಮರಾಜಪುರಂ

ಟ್ರಂಕು ಖಾಲಿ ಆಯ್ತಲ್ಲ, ಅದನ್ನ ಎಲ್ಲಿಡೋದು ಅಂತ ಯೋಚಿಸ್ಬೇಡ. ಬೊಂಬೆ ಮೆಟ್ಟಿಲಿಗೆ ಅದೇ ಬುನಾದಿ. ಈಗಿನೋರು ಕಬ್ಬಿಣದ ಸ್ಟ್ಯಾಂಡು ಕೊಂಡ್ಕೊಂಡು ವರ್ಷ ಪೂರ್ತಿ ಅದಕ್ಕೊಂದು ಜಾಗ ಹುಡುಕ್ತಾರೆ. ನಮ್ಮ ಕಾಲದಲ್ಲಿ ಟ್ರಂಕು, ಮೇಜು, ಮಣೆ, ಡಾಲ್ಡಾ ಡಬ್ಬ, ದಪ್ಪ ಪುಸ್ತಕ ಎಲ್ಲ ಜೋಡಿಸಿ ಮೇಲೆ ಬಿಳೀ ಪಂಚೆ ಹಾಸ್ತಿದ್ವಿ. ಯಜಮಾನರ ಪಕ್ಷದೋರು ಹೇಳಿದ ರಟ್ಟಿನ ಪೆಟ್ಟಿಗೆಗಳೂ ಗಟ್ಟಿ ಇದ್ರೆ ಪಂಚೆ ಒಳಗೆ ಹೋಗ್ಲಿ. ಚಿಕ್ಕ ರೂಮಿನ ಸಾಮಾನು ಅರ್ಧ ಅಲ್ಲೇ ಮಾಯ. ನೆಂಟರು ಬಂದು ಕೈ ಮುಗೀತಾರೆ, ಅಡೀಲಿ ಏನಿದೆ ಅಂತ ಚಾಮುಂಡಿಗೇ ಗೊತ್ತು.

ಆದ್ರೆ ಮೆಟ್ಟಿಲು ಬೆಸ ಸಂಖ್ಯೆ ಇರ್ಲಿ. ನಿನ್ನ ಹಾಲಲ್ಲಿ ಜನ ಬೇರೆ ಮಲಗ್ಬೇಕು, ಒಂಬತ್ತು ಏಳು ಅಂತ ಹೋಗ್ಬೇಡ, ಐದು ಸಾಕು. ಮೂಲೆಗೆ ಹಾಕು, ಫ್ಯಾನಿನ ಗಾಳಿಗೆ ಬೊಂಬೆ ಉರುಳದ ಹಾಗೆ. ಅದರ ಮುಂದೆ ಮಗು ಅಂಬೆಗಾಲಿಡುತ್ತಾ ನೋಡ್ಕೋ, ಕೆಳಗಿನ ಮೆಟ್ಟಿಲಲ್ಲಿ ಮರದ್ದು ಇಡು, ಮಣ್ಣಿಂದು ಮೇಲಕ್ಕೆ.

ಪೆಟ್ಟಿಗೆ ಬಿಚ್ಚುವಾಗ ಒದ್ದೆ ಬಟ್ಟೆ ಹತ್ರ ತರ್ಬೇಡ. ಮಣ್ಣಿನ ಬೊಂಬೆಗೆ ಚಿತ್ರ ಬರೆಯೋ ಮೆತ್ತನೆ ಬ್ರಷ್ಷಲ್ಲಿ ಧೂಳು ತೆಗಿ. ಚನ್ನಪಟ್ಟಣದ್ದಕ್ಕೆ ಅರಗಿನ ಬಣ್ಣ, ಒಣ ಬಟ್ಟೆ ಸಾಕು. ರಕ್ತಚಂದನದ ಪಟ್ಟದ ಬೊಂಬೆ ಜೋಡಿ ನಿಮ್ಮತ್ತೆ ತವರಿಂದ ತಂದಿದ್ದಿರುತ್ತೆ, ಅವರ ಕೈಲೇ ಒರೆಸಿಸು, ಅವರೇ ಬಟ್ಟೆ ಉಡಿಸ್ಲಿ. ನವರಾತ್ರಿ ಮುಗಿದು ಮತ್ತೆ ಕಟ್ಟುವಾಗ ನ್ಯೂಸ್ ಪೇಪರ್ ನೇರವಾಗಿ ಸುತ್ತಬೇಡ, ಮಸಿ ಹಿಡಿಯುತ್ತೆ. ಮೊದಲು ಹಳೇ ಹತ್ತಿ ಸೀರೆ ಚೂರು, ಮೇಲೆ ಪೇಪರ್. ನೋಡು, ಹರಿದ ಸೀರೆಗೂ ಕೆಲಸ ಬಂತು. ಪೆಟ್ಟಿಗೆ ಮೇಲೆ "ಬೊಂಬೆ" ಅಂತ ಬರೆದು ಈ ಸಲ ಅಟ್ಟದ ಮುಂದಕ್ಕೇ ಇಡು.

ಹಿತ್ತಾಳೆ ಹುಚ್ಚು

ಹಬ್ಬಕ್ಕೆ ಅಂತ ಅಟ್ಟದ ಹಿತ್ತಾಳೆ ಪಾತ್ರೆ ಇಳಿಸಿ ಹುಣಸೆಹಣ್ಣು ಉಪ್ಪು ಹಚ್ಚಿ ಬೆಳಗಿದ್ರೆ ಕೆಲಸ ಮುಗೀತು ಅಂದ್ಕೋಬೇಡಿ. ಹೊರಗೆ ಹೊಳಪು ಬರುತ್ತೆ, ಹುಣಸೆಯ ಹುಳಿ ಮೇಲಿನ ಕಿಲುಬನ್ನ ಕರಗಿಸುತ್ತೆ, ಸರಿ. ಒಳಗೆ ಕಲಾಯಿ ಹೋಗಿದ್ರೆ ಅದರಲ್ಲಿ ಸಾರು, ಗೊಜ್ಜು ಮಾಡ್ಬೇಡಿ, ಅದೇ ಹುಳಿ ಪಾತ್ರೆಯ ತಾಮ್ರವನ್ನೂ ಕರಗಿಸಿ ಊಟಕ್ಕೆ ಬೆರೆಸುತ್ತೆ. ಕಲಾಯಿಯವನು ನವಸಾಗರ ಉಜ್ಜಿ ತವರ ಬಳಿದ ಮೇಲೇ ಅಡುಗೆ. ಕಲಾಯಿಯವನು ಸಿಗದಿದ್ರೆ ಅದರಲ್ಲಿ ಹೂವು ಇಟ್ಟು ಬಾಗಿಲ ಹತ್ರ ಇಡಿ, ಚಂದ ಕಾಣುತ್ತೆ, ಅಟ್ಟದ ಮೇಲೂ ಜಾಗ ಆಗುತ್ತೆ.

ಸ್ಟೀಲ್ ಪಾತ್ರೆ ಕೊಡೋ ಮುಂಚೆ ತಿರುಗಿಸಿ ಅಡಿ ನೋಡಿ. ಹೆಸರು ಕೆತ್ತಿಸಿರ್ತಾರೆ. ಯಾರ ಗೃಹಪ್ರವೇಶಕ್ಕೆ ಯಾರು ಕೊಟ್ಟಿದ್ದು ಅಂತ ಅದರಲ್ಲೇ ಇರುತ್ತೆ. ನಾದಿನಿ ಕೊಟ್ಟ ತಟ್ಟೆ ಹಳೇ ಬಟ್ಟೆ ಪಾತ್ರೆಯವಳ ಬುಟ್ಟೀಲಿ ನಾದಿನಿಗೇ ಕಾಣಿಸಿದ ಮನೆ ನನಗೆ ಗೊತ್ತು.

ಅರಳಿಕಟ್ಟೆ

ಯಾರೂ ಎತ್ತದ ವಿಷಯ: ದೇವರ ಪಟಗಳು. ಗಾಜು ಒಡೆದಿದ್ದು, ಗೆದ್ದಲು ತಿಂದಿದ್ದು, ವರ್ಷ ಮುಗಿದ ಕ್ಯಾಲೆಂಡರು, ಮೇಲೆ ಗಣಪತಿ ಅಚ್ಚಾಗಿರೋ ಮದುವೆ ಕರೆಯೋಲೆ. ಬಿಸಾಕೋಕೆ ಕೈ ಬರಲ್ಲ, ರಾತ್ರೋರಾತ್ರಿ ತಂದು ನಮ್ಮ ಅರಳಿಕಟ್ಟೆ ಮೇಲೆ ಇಟ್ಟು ಹೋಗ್ತಾರೆ. ಮಳೆಗೆ ನೆನೆದು, ಗಾಜು ಚೂರಾಗಿ, ನಾಯಿ ಅಡ್ಡಾಡಿ, ಅದನ್ನ ಕೊನೆಗೆ ಎತ್ತೋದು ಪೌರಕಾರ್ಮಿಕರು, ಬರಿಗೈಲಿ. ಇದು ಯಾವ ಭಕ್ತಿ?

ನಾವು ಮಾಡೋದು ಇಷ್ಟು: ಚೌಕಟ್ಟು, ಗಾಜು ಬಿಚ್ಚಿ ಒಣ ಕಸಕ್ಕೆ, ಗಾಜನ್ನ ಬೇರೆ ಸುತ್ತಿ ಗುರುತು ಹಾಕಿ. ಬರೀ ಕಾಗದವನ್ನ ಕೈಮುಗಿದು ಬಕೆಟ್ ನೀರಲ್ಲಿ ನೆನೆಸಿ, ಮುದ್ದೆ ಮಾಡಿ ಗಿಡದ ಬುಡಕ್ಕೆ. ಹೊಳೆಯೋ ಲ್ಯಾಮಿನೇಷನ್ ಇದ್ದಿದ್ದು ಕರಗಲ್ಲ, ಅದನ್ನ ಒಣ ಕಸಕ್ಕೇ ಹಾಕ್ಬೇಕು. ಕರೆಯೋಲೆ ಹಿಂದೆ ಖಾಲಿ ಜಾಗ ಇರುತ್ತೆ, ಮಕ್ಕಳಿಗೆ ಚಿತ್ರ ಬರೆಯೋಕೆ ಕೊಡಿ.

ಡಬ್ಬ ರಾಣಿ

ಸೊಸೆಯವರೇ, ರವಿಕೆ ಕಣ ಎಷ್ಟಿವೆ ಮನೇಲಿ? ಅದನ್ನ ಕಮ್ಮಿ ಮಾಡೋಕೆ ನವರಾತ್ರಿಗಿಂತ ಒಳ್ಳೇ ಕಾಲ ಇಲ್ಲ. ಬೊಂಬೆ ನೋಡೋಕೆ ಬರೋ ಪ್ರತಿ ಮುತ್ತೈದೆಗೂ ಅರಿಶಿನ ಕುಂಕುಮದ ಜೊತೆ ಒಂದು. ಒಂದೇ ಎಚ್ಚರಿಕೆ, ಯಾರು ಕೊಟ್ಟಿದ್ದು ಅಂತ ಈಗಲೇ ಚೀಟಿ ಅಂಟಿಸಿ. ನಮ್ಮ ಮನೆಯ ಒಂದು ಹಸಿರು ಕಣ ಮೂರು ಬೀದಿ ಸುತ್ತಿ ಮತ್ತೆ ನಮ್ಮನೆಗೇ ಬಂತು, ನಾನು ಹಾಕಿದ್ದ ಸ್ಟೇಪ್ಲರ್ ಪಿನ್ನು ಹಾಗೇ ಇತ್ತು.

ನ್ಯೂಜೆರ್ಸಿ ನವರಾತ್ರಿ

ನಮ್ಮಲ್ಲಿ ಬೇಸ್‌ಮೆಂಟೇ ಅಟ್ಟ. ವೀಕೆಂಡ್‌ನಲ್ಲಿ ಮಾತ್ರ ಬೊಂಬೆ ನೋಡೋಕೆ ಬರ್ತಾರೆ, ಶನಿವಾರ ಬೆಳಿಗ್ಗೆ ತನಕ ಕ್ಲೀನಿಂಗು, ಮಧ್ಯಾಹ್ನದಿಂದ ಚಪ್ಪಲಿ ರಾಶಿ. ಇಲ್ಲಿ ಕಣ ಹೊಲಿಯೋರು ಸಿಗದೆ ಎಲ್ಲರ ಮನೇಲೂ ಗುಡ್ಡೆ ಬಿದ್ದಿದೆ. ಡಬ್ಬ ರಾಣಿಯವರ ಚೀಟಿ ಉಪಾಯ ನಮಗೂ ಬೇಕು.

ಕುವೆಂಪುನಗರದ ಸೊಸೆ

ಸದ್ಯದ ಸ್ಥಿತಿ: ಬ್ಯಾಟರಿ ಹೋಯ್ತು, ದುಡ್ಡೂ ಬಂತು. ಟಿವಿಗೆ ಇ-ತ್ಯಾಜ್ಯದವರು ಹಬ್ಬ ಆದ್ಮೇಲೆ ಬರ್ತೀವಿ ಅಂದಿದ್ದಾರೆ, ಅಲ್ಲಿ ತನಕ ಅದು ಎರಡನೇ ಮೆಟ್ಟಿಲು. ರಗ್ಗೆಲ್ಲ ತಾರಸಿ ಮೇಲೆ. ತಾಂಬೂಲದ ಚೀಲಗಳನ್ನ ಅತ್ತೆ ಇನ್ನೂ ಬಿಟ್ಟುಕೊಟ್ಟಿಲ್ಲ. "ನೆಂಟರು ಹೊರಡುವಾಗ ತಿಂಡಿ ಯಾವುದರಲ್ಲಿ ಹಾಕಿಕೊಡ್ತೀಯ?" ಅಂದ್ರು, ಉತ್ತರ ಇರ್ಲಿಲ್ಲ ನನ್ನತ್ರ.

ಈಗಷ್ಟೇ ಸಾಗರದಿಂದ ಫೋನು. ಮಾಮ ಕಾರಲ್ಲಿ ಬರ್ತಾರಂತೆ. ಒಂದು ಮೂಟೆ ತೆಂಗಿನಕಾಯಿ, ಎರಡು ಭರಣಿ ಮಾವಿನಮಿಡಿ, ಬಾಳೆಗೊನೆ, ಮೇಲೆ ನಾಲ್ಕು ಸಿಹಿಗುಂಬಳ. ಚಿಕ್ಕ ರೂಮು ಈಗ ತಾನೇ ಖಾಲಿ ಮಾಡಿದ್ದೆ!

ತೀರ್ಥಹಳ್ಳಿ ಮಳೆ

ಹೇಳಿದ್ನಲ್ಲ! ತೆಂಗಿನಕಾಯಿ ಮೆಟ್ಟಿಲ ಹಿಂದೆ, ಜುಟ್ಟು ಮೇಲೆ ಮಾಡಿ ನಿಲ್ಲಿಸಿ, ಬಹಳ ದಿನ ಬರ್ತವೆ. ಕುಂಬಳ ನೆಲಕ್ಕೆ ತಾಗದ ಹಾಗೆ ಗೋಣಿ ಮೇಲೆ. ಮಿಡಿ ಭರಣಿಗೆ ಒದ್ದೆ ಸೌಟು ಹಾಕೋಕೆ ಯಾರನ್ನೂ ಬಿಡ್ಬೇಡಿ.

ಡಬ್ಬ ರಾಣಿ

ಎರಡು ಭರಣಿ ಇಡೋಕೆ ಜಾಗ ಇಲ್ಲ ಅಂದ್ರೆ ಒಂದು ನನಗೆ ಕಳಿಸಿ. ಮುಚ್ಚಳ ಇರೋ ಡಬ್ಬ ನಾನೇ ತರ್ತೀನಿ, ಸರಸ್ವತಿಪುರಂನಿಂದ ಎಷ್ಟು ಹೊತ್ತು.